ಪ್ಯಾಂಟಿನ ನಂಬರ್ ನಂಬಬ್ಯಾಡ್ರಿ!

ಏನ್ರಿ ಕಾಕಾ, ಇನ್ನೂ ಚೌತೀಸ್ ನಂಬರೇ ಅಂತೀರಲ್ಲ? ಕಾಲೇಜ್ ಬಿಟ್ಟಾಗಿಂದ ಒಂದ್ ಇಂಚೂ ಹೆಚ್ಚಾಗಿಲ್ಲಂತ ಬೀದರ್ ಚೌಬಾರಾದಿಂದ ಔರಾದ್ ಬಸ್ ಸ್ಟ್ಯಾಂಡ್ ತನಕ ಹೇಳ್ಕೋತ ತಿರಗ್ತೀರಂತ. ಖರೇ ಅದ. ಆದ್ರ ಪ್ಯಾಂಟ್ ಎಲ್ಲಿ ನಿಂತದ ನೋಡೀರೇನು? ಆಗ ಹೊಕ್ಕಳದ ಮ್ಯಾಲಿತ್ತು, ಈಗ ಹೊಟ್ಟಿ ಕೆಳಗ ಇಳದದ!

"ವಯಸ್ಸಾಯ್ತು, ಮೆಟಬಾಲಿಸಂ ಬಿತ್ತು" ಅಂತೀರಿ (ಬಾಯಾಗ ಮಿರ್ಚಿ ಇಟ್ಕೊಂಡೇ). ಬಿದ್ದಿಲ್ರಿ. 20ರಿಂದ 60 ವರ್ಷದ ತನಕ ಮೈ ತಿಂದದ್ದನ್ನ ಹೆಚ್ಚುಕಮ್ಮಿ ಒಂದೇ ಸಮ ಸುಡ್ತದಂತ 2021ರಾಗ ಜಗತ್ತಿನ ವಿಜ್ಞಾನಿಗಳು ಲೆಕ್ಕ ಕೊಟ್ಟಾರ. ಆ ನೆವ ಹೋಯ್ತು!

ಹಂಗಾರ ಹೊಟ್ಟಿ ಯಾಕ ಬಂತು? ಕೊಬ್ಬಿನ ಜೀವಕಣಗಳ ಸಂಖ್ಯೆ ಹರೇದಾಗೇ ನಿಕ್ಕಿ ಆಗಿರ್ತದ. ವರ್ಷಕ್ಕ ನೂರಕ್ಕ ಹತ್ತು ಸಾಯ್ತಾವ, ಅಷ್ಟೇ ಹೊಸಾವು ಹುಟ್ತಾವ. ಆಮ್ಯಾಲ ಭಾಲ್ಕಿ ಮಂಡಿಯ ತೊಗರಿ ಚೀಲದಂಗ ಇದ್ದವೇ ಉಬ್ಬತಾವ. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ವಿಜ್ಞಾನಿಗಳು 2019ರಾಗ ಇನ್ನೊಂದ್ ಹೇಳ್ಯಾರ: ವಯಸ್ಸಾದಂಗ ಕಣದೊಳಗಿನ ಕೊಬ್ಬು ಖಾಲಿ ಆಗೋದೇ ನಿಧಾನ. ಅಂದ್ರ ಮೊದ್ಲಿನಷ್ಟೇ ತಿಂದ್ರೂ ತೂಕ ಏರ್ತದ. (ಅರ್ಧ ನೆವ ವಾಪಸ್ ಸಿಕ್ತು, ಖುಷಿನಾ?)

ಖುಷಿ ಪಡಬ್ಯಾಡ್ರಿ. ತೊಗಲಿನ ಕೆಳಗ ಕೊಬ್ಬು ಇಟ್ಕೊಳ್ಳೋ ತಾಕತ್ತು ಕಮ್ಮಿ ಆದಂಗ ಅದು ಒಳಗ, ಕರುಳು-ಲಿವರ್ ಸುತ್ತ ಸೇರ್ತದ. ಕೈಕಾಲು ಸಣ್ಣ, ಹೊಟ್ಟಿ ಮುಂದ! ಅಕ್ಕೋರೇ, ನೀವೂ ನಗಬ್ಯಾಡ್ರಿ. ಮುಟ್ಟು ನಿಂತ ಮ್ಯಾಲ ತೊಡಿ-ಸೊಂಟದ ಕೊಬ್ಬೂ ಹೊಟ್ಟಿಗೇ ಮುಕ್ಕಾಂ ಬದಲಿಸ್ತದ.

"ನಾ ಸಣ್ಣ ಅದೀನಿ" ಅನ್ನೋರಿಗೂ ಒಂದ್ ಮಾತು. ಪುಣೆದ ಡಾ. ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಜಾನ್ ಯಡ್ಕಿನ್ ಇಬ್ಬರದೂ ಬಿಎಂಐ (ಎತ್ತರಕ್ಕ ತಕ್ಕ ತೂಕದ ಲೆಕ್ಕ) 22.3 ಇತ್ತು. ಆದ್ರ ಮೈಯಾಗಿನ ಕೊಬ್ಬು? ಯಡ್ಕಿನ್ನರದು ನೂರಕ್ಕ 9.1, ನಮ್ಮವರದು 21.2! 2004ರಾಗ ಇಬ್ಬರೂ ಇದನ್ನ ತಮ್ಮ ಫೋಟೊ ಸಮೇತ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆದಾಗ ಛಾಪಿಸ್ಯಾರ. ನೀವು ಫೋಟೊಕ್ಕ ನಿಂತ್ರ ಉಸಿರು ಒಳಗ ಎಳಕೋತೀರಿ, ಹೌದಿಲ್ಲೊ?

ಬರೀದ್ ಶಾಹಿ ಗಾರ್ಡನ್ನಿಗಿ ವಾಕಿಂಗ್ ಹೋಗ್ರಿ, ಛಲೋನೇ (ಗೇಟಿನ ಹೊರಗ ಭಜಿ ತಿನ್ನೋದು ವಾಕಿಂಗಿನಾಗ ಬರಂಗಿಲ್ಲ). ಜೊತಿಗಿ ಬೈಠಕ್ ಹೊಡೀರಿ, ಭಾರ ಎತ್ತ್ರಿ. ಇಲ್ಲಾಂದ್ರ ವಯಸ್ಸಾದಂಗ ಸ್ನಾಯು ಕರಗ್ತಾವ.

ನಾಳೆ ಮುಂಜಾನಿ ಚಹಾಕ್ಕಿಂತ ಮೊದ್ಲು ಹೊಟ್ಟಿ ಢೀಲಾ ಬಿಟ್ಟು, ಹೊಕ್ಕಳದ ನೇರಕ್ಕ ಟೇಪ್ ಸುತ್ತ್ರಿ. ಗಂಡಸ್ರಿಗಿ 90 ಸೆಂ.ಮೀ., ಹೆಣ್ಮಕ್ಕಳಿಗಿ 80 ದಾಟಿತಂದ್ರ ಶುಗರ್, ಬಿ.ಪಿ. ತಪಾಸಣಿ ಮಾಡಿಸ್ಕೋರಿ. ಟೇಪಿಗಿ ಮುಲಾಜಿಲ್ಲ, ನೀವೂ ಮುಲಾಜು ನೋಡಬ್ಯಾಡ್ರಿ.