ಸಹಯಾನಶಾಸ್ತ್ರ ಪ್ರವೇಶಿಕೆ: ಸಕಲೇಶಪುರ–ಆಲೂರು ಸೀಮೆಯಲ್ಲಿ ಗೆಳೆಯನೊಡನೆ ಕಾರುಯಾತ್ರೆಯ ಮೊದಲೆರಡು ದಿನಗಳು, ಒಂದು ವಿಮರ್ಶಾತ್ಮಕ ಅಧ್ಯಯನ

1. ಅಧ್ಯಯನದ ಉದ್ದೇಶ, ವ್ಯಾಪ್ತಿ ಮತ್ತು ಮಿತಿ

ಹಾಸನ ಜಿಲ್ಲೆಯಲ್ಲಿ ಹೊಯ್ಸಳ ಶಿಲ್ಪದ ಮೇಲೆ ಸಂಶೋಧನೆ ನಡೆದಿದೆ, ಕಾಫಿ ಗಿಡದ ಬಿಳಿ ಕಾಂಡಕೊರಕದ ಮೇಲೆ ನಡೆದಿದೆ, ಕಾಡಾನೆಗಳ ಮೇಲಂತೂ ವರದಿಗಳ ಮೇಲೆ ವರದಿ ಬಂದಿವೆ. ಆದರೆ ಶನಿವಾರ ನಸುಕಿನಲ್ಲಿ ಬೆಂಗಳೂರು ಬಿಟ್ಟು, ಒಂದೇ ಕಾರಿನಲ್ಲಿ ಅಕ್ಕಪಕ್ಕ ಕೂತು, ಹಾಸನ ಬರುವಷ್ಟರಲ್ಲಿ ಮಾತು ಬಿಟ್ಟಿರುವ ಇಬ್ಬರು ಸ್ನೇಹಿತರ ಬಗ್ಗೆ ವಿದ್ವತ್ ಲೋಕ ತೋರಿದ ಉದಾಸೀನ ಖಂಡನೀಯ. ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಶಾಸ್ತ್ರದ ಅನುಕೂಲಕ್ಕಾಗಿ ಸ್ಟೀರಿಂಗ್ ಹಿಡಿದವನನ್ನು ಇಲ್ಲಿ ‘ಸಾರಥಿ’ ಎಂದೂ ಪಕ್ಕದ ಸೀಟಿನವನನ್ನು ‘ಪಾರ್ಥ’ ಎಂದೂ ಕರೆಯಲಾಗಿದೆ. ಕುರುಕ್ಷೇತ್ರದಲ್ಲಿ ಉಪದೇಶ ಮಾಡಿದವನು ಸಾರಥಿ, ಕೈಕಟ್ಟಿ ಕೇಳಿದವನು ಪಾರ್ಥ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಇದು ಸಂಪೂರ್ಣ ತಿರುಗುಮುರುಗು. ಇಲ್ಲಿ ಹದಿನೆಂಟಕ್ಕೂ ಹೆಚ್ಚು ಅಧ್ಯಾಯ ಉಪದೇಶಿಸುವವನು ಪಾರ್ಥನೇ. ವಿಷಯ: ಗೇರು, ಲೇನು, ಲಾರಿ ಹಿಂದಿಕ್ಕುವ ವಿಧಾನ.

ಯಾತ್ರೆ ಮೂರನೆಯ ದಿನಕ್ಕೆ ಬೆಳೆದರೆ ಆ ದಿನವನ್ನು ವ್ಯಾಪ್ತಿಯಿಂದ ಕೈಬಿಡಲಾಗಿದೆ. ಅಷ್ಟರಲ್ಲಿ ಇಬ್ಬರೂ ರಾಜಿಯಾಗಿರುತ್ತಾರೆ, ಇಲ್ಲವೇ ಒಬ್ಬ ಹಾಸನದ ಬಸ್ ನಿಲ್ದಾಣದಲ್ಲಿರುತ್ತಾನೆ.

2. ಪೂರ್ವ ಅಧ್ಯಯನಗಳ ಸಮೀಕ್ಷೆ

ಸಕಲೇಶಪುರ ಭಾಗಕ್ಕೆ ಮಂಜರಾಬಾದ್ ತಾಲ್ಲೂಕು ಎಂಬ ಹೆಸರಿದ್ದ ಕಾಲದಲ್ಲಿ ಇಲ್ಲಿ ಕಾಫಿ ಬೆಳೆದ ರಾಬರ್ಟ್ ಎಲಿಯಟ್, ಮೈಸೂರು ಕಾಡಿನ ತನ್ನ ತೋಟಗಾರಿಕೆಯ ಅನುಭವಗಳನ್ನು 1871ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಸಹಯಾನಶಾಸ್ತ್ರಕ್ಕೆ ಆತನಿಂದ ಹೆಚ್ಚಿನ ನೆರವು ಸಿಗದು. ಅದು ಕುದುರೆಯ ಕಾಲ. ಒಬ್ಬೊಬ್ಬನಿಗೆ ಒಂದೊಂದು ಕುದುರೆ. ಎ.ಸಿ. ಎಷ್ಟಿರಬೇಕೆಂಬ ಜಗಳಕ್ಕೆ ಆಸ್ಪದವೇ ಇರಲಿಲ್ಲ.

ಹೇಮಾವತಿ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಮೆರಿಕಕ್ಕೆ ಹೋಗಿಬಂದು ಬರೆದ ಪ್ರವಾಸಕಥನಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಹೇಮಾವತಿಯನ್ನು ಸೇತುವೆಯ ಮೇಲೆ ದಾಟಿ ಸಕಲೇಶಪುರ ನೋಡಿಬಂದ ಜೋಡಿಗಳಿಗೆ ಈವರೆಗೆ ಬಂದಿರುವುದು ಪೆಟ್ರೋಲ್ ಬಂಕಿನ ರಸೀದಿ ಮಾತ್ರ.

ಪಾಶ್ಚಾತ್ಯರಲ್ಲಿ ಇಬ್ಬರು ಗಮನಾರ್ಹರು. ಬ್ರೂಸ್ ಟಕ್ಮನ್ 1965ರಲ್ಲಿ ಸಣ್ಣ ಗುಂಪುಗಳ ಬಾಳಿಗೆ ನಾಲ್ಕು ಹಂತ ಗುರುತಿಸಿದ. ಕನ್ನಡಕ್ಕೆ ಒಗ್ಗಿಸಿ ಹೇಳುವುದಾದರೆ ಕೂಡುವುದು, ಕೆರಳುವುದು, ಕಟ್ಟಳೆಗೆ ಬರುವುದು, ಕೆಲಸಕ್ಕಿಳಿಯುವುದು. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಗೆಳೆತನವನ್ನು ಗಂಟೆಯಲ್ಲಿ ಅಳೆದ. ಪರಿಚಯದವನು ಸಾಧಾರಣ ಗೆಳೆಯನಾಗಲು ಸುಮಾರು 50 ಗಂಟೆ ಒಟ್ಟಿಗಿರಬೇಕು, ನಿಜವಾದ ಗೆಳೆಯನಾಗಲು 90, ಆಪ್ತನಾಗಲು 200ಕ್ಕೂ ಹೆಚ್ಚು. ಎರಡು ದಿನವೆಂದರೆ 48 ಗಂಟೆ. ಅಂದರೆ ಹೊಸ ಪರಿಚಯದ ಜೋಡಿಯೊಂದು ವಾರಾಂತ್ಯ ಪೂರ್ತಿ ಸಕಲೇಶಪುರದಲ್ಲಿ ಕಳೆದರೂ ಗೆಳೆತನಕ್ಕೆ ಎರಡು ಗಂಟೆ ಕೊರತೆ ಬೀಳುತ್ತದೆ. ಭಾನುವಾರ ಸಂಜೆ ನೆಲಮಂಗಲದ ವಾಹನಸಾಲು ಈ ಕೊರತೆಯನ್ನು ಧಾರಾಳವಾಗಿ ನೀಗಿಸುತ್ತದೆ.

3. ಹೊರಡುವ ಹೊತ್ತಿನ ಸಮಸ್ಯೆ

“ಆರಕ್ಕೆ ಸರಿಯಾಗಿ ನಿಮ್ಮನೆ ಕೆಳಗಿರ್ತೀನಿ ಕಣೋ.” ಇದು ಈ ಶಾಸ್ತ್ರದ ಮೂಲವಾಕ್ಯ. ಇದರ ಮೇಲಿನ ಭಾಷ್ಯವನ್ನು ಡೇನಿಯಲ್ ಕಾನಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲೇ ಬರೆದಿದ್ದಾರೆ. ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆಂದೇ ಮನುಷ್ಯ ಲೆಕ್ಕ ಹಾಕುತ್ತಾನೆ. ಹಿಂದೆ ಎಷ್ಟು ಸಲ ತಡವಾಗಿತ್ತು ಎಂಬುದು ಆ ಲೆಕ್ಕಕ್ಕೆ ಬರುವುದೇ ಇಲ್ಲ. 1994ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆನಡಾದ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನದಲ್ಲಿ ಮುಗಿಯುತ್ತದೆ ಅಂದಿದ್ದರು, ಹಿಡಿದದ್ದು 55 ದಿನ. ಅದೇ ಪ್ರಮಾಣವನ್ನು ಬೆಂಗಳೂರು–ಸಕಲೇಶಪುರದ ಸುಮಾರು 220 ಕಿ.ಮೀ.ಗೆ ಹಚ್ಚಿದರೆ, ಮ್ಯಾಪು ತೋರಿಸುವ ನಾಲ್ಕು ಗಂಟೆ ಆರೂವರೆಯಾಗುತ್ತದೆ. ಗೊರಗುಂಟೆಪಾಳ್ಯದ ಸಿಗ್ನಲ್ಲನ್ನು ಆ ಸಂಶೋಧಕರು ಕಂಡಿರಲಾರರು. ಆದರೂ ಉತ್ತರ ತಾಳೆಯಾಗುತ್ತದೆ.

ಸ್ನಾನದ ಮನೆಯಿಂದ “ಐದೇ ನಿಮಿಷ” ಎಂದು ಕೂಗುವ ಪಾರ್ಥನನ್ನು ಇಷ್ಟಕ್ಕೇ ಹಳಿಯುವುದು ನ್ಯಾಯವಲ್ಲ. ಹಾಸನ–ಮಂಗಳೂರು ಮೀಟರ್ ಗೇಜ್ ಹಳಿಯನ್ನು 1996ರಲ್ಲಿ ಬ್ರಾಡ್ ಗೇಜ್ ಮಾಡಲೆಂದು ಮುಚ್ಚಿದರು. ಸಕಲೇಶಪುರದ ಘಾಟಿಯಲ್ಲಿ ಪ್ರಯಾಣಿಕರ ರೈಲು ಮತ್ತೆ ಇಳಿದದ್ದು 2007ರ ಡಿಸೆಂಬರಿನಲ್ಲಿ. ಅದಕ್ಕೆ ಹೋಲಿಸಿದರೆ ಪಾರ್ಥ ಶಿಸ್ತಿನ ಮನುಷ್ಯ.

4. ಮೊದಲ ದಿನ: ಕೂಡುವ ಮತ್ತು ಕೆರಳುವ ಹಂತಗಳು

ಕೂಡುವ ಹಂತ ನೆಲಮಂಗಲದಿಂದ ಕುಣಿಗಲ್‌ವರೆಗೆ. ಈ ಭಾಗದಲ್ಲಿ ಕಾಲೇಜಿನ ಕತೆಗಳು ಹೊರಬರುತ್ತವೆ. ಹಾಸ್ಟೆಲ್ ವಾರ್ಡನ್, ಕಳೆದುಹೋದ ಹಾಲ್ ಟಿಕೆಟ್, ಈಗ ವಿದೇಶದಲ್ಲಿರುವವಳು. ಯಡಿಯೂರಿನ ಹೊತ್ತಿಗೆ ದಾಸ್ತಾನು ಖಾಲಿ.

ಕೆರಳುವ ಹಂತಕ್ಕೆ ಕಾರಣವಾಗುವುದು ‘ಮುಂದಿನ ಹೋಟೆಲ್ ಪ್ರಮೇಯ’. ಪಾರ್ಥನಿಗೆ ಹಸಿವು. ಸಾರಥಿಗೆ ವೇಗ ಕೂಡಿಬಂದಿದೆ. “ಮುಂದೆ ಒಂದು ಸೂಪರ್ ಹೋಟ್ಲಿದೆ ಮಗಾ, ಅಲ್ಲಿ ತಿನ್ನೋಣ.” ಬೆಳ್ಳೂರು ಕ್ರಾಸ್ ಬರುತ್ತದೆ, ಹೋಗುತ್ತದೆ. ಹಿರೀಸಾವೆ ಹೋಗುತ್ತದೆ. ಸೂಪರ್ ಹೋಟ್ಲು ಹೆದ್ದಾರಿಯ ಎದುರು ಬದಿಯಲ್ಲಿದೆ, ನಡುವೆ ಡಿವೈಡರ್ ಇದೆ ಎಂಬುದು ಗೊತ್ತಾಗುವುದು ಚನ್ನರಾಯಪಟ್ಟಣದ ಹತ್ತಿರ. ಹೊಟ್ಟೆಯ ಮೇಲಿನ ಈ ಪ್ರಯೋಗಕ್ಕೆ ಯಾವ ನೈತಿಕ ಸಮಿತಿಯೂ ಅನುಮತಿ ಕೊಟ್ಟಿರುವುದಿಲ್ಲ.

ಹಾಸನ ದಾಟಿದ ಮೇಲೆ ಬರುವ ಆಲೂರು, ಸಹಯಾನಶಾಸ್ತ್ರದ ದೃಷ್ಟಿಯಿಂದ ಅನ್ಯಾಯಕ್ಕೊಳಗಾದ ತಾಲ್ಲೂಕು. ಬಯಲು ಮುಗಿದು ಮಲೆ ಶುರುವಾಗುವುದೇ ಇಲ್ಲಿ. ಗದ್ದೆಯ ಪಕ್ಕ ಶುಂಠಿಯ ಪಟ್ಟೆ, ಅದರಾಚೆ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರಡಿ ಕಾಫಿ. ವಾಟೆಹೊಳೆ ಜಲಾಶಯ ಇಲ್ಲಿದೆ. ಸುತ್ತಲಿನ ಹಳ್ಳಿಗಳು ನಡೆದುಕೊಳ್ಳುವ ಕೆಂಚಮ್ಮನ ಹೊಸಕೋಟೆ ಇಲ್ಲಿದೆ. ಆದರೆ ಕಾರಿನೊಳಗೆ ಕೇಳಿಬರುವುದು ಒಂದೇ ಪ್ರಶ್ನೆ: “ಇದೇನಾ ಸಕಲೇಶಪುರ?” ಪಾರ್ಥ ಫೋಟೊ ತೆಗೆದು ಸ್ಟೇಟಸ್ ಹಾಕಿದ ಮೇಲೆ ಸಾರಥಿ “ಅಲ್ಲ” ಎನ್ನುತ್ತಾನೆ. ಆಲೂರಿನ ಅರ್ಧ ಚೆಲುವು ಹೀಗೆ ಸಕಲೇಶಪುರದ ಖಾತೆಗೆ ಜಮೆಯಾಗಿದೆ.

ಮಧ್ಯಾಹ್ನದ ನಂತರದ ಕ್ಷೇತ್ರಕಾರ್ಯ ಮಂಜರಾಬಾದ್ ಕೋಟೆಯಲ್ಲಿ. ಟಿಪ್ಪು ಸುಲ್ತಾನ್ 1792ರಲ್ಲಿ ಮುಗಿಸಿದ ಈ ಕೋಟೆ ಎಂಟು ಮೊನೆಯ ನಕ್ಷತ್ರದಾಕಾರದ್ದು, ಫ್ರೆಂಚ್ ಸೈನ್ಯಶಿಲ್ಪದ ಮಾದರಿಯದ್ದು. ಮಂಗಳೂರಿನಿಂದ ಘಾಟಿ ಹತ್ತಿ ಬರುವ ದಾರಿಯ ಮೇಲೆ ಕಣ್ಣಿಡಲು ಕಟ್ಟಿದ್ದು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಒಳಗೆ ನಿಂತ ಪಾರ್ಥ ಸುತ್ತ ನೋಡಿ, “ನಕ್ಷತ್ರ ಎಲ್ಲೋ?” ಎಂದು ಕೇಳುವುದು ಎಲ್ಲ ಜೋಡಿಗಳಲ್ಲೂ ಕಂಡುಬಂದಿದೆ. ಒಳಗೆ ನಿಂತವರಿಗೆ ಕಾಣುವುದು ಗೋಡೆ; ನಕ್ಷತ್ರ ಕಾಣಬೇಕಾದರೆ ಆಕಾಶಕ್ಕೇರಬೇಕು.

ಈ ವಿನ್ಯಾಸದ ಗುಟ್ಟು ಬೇರೆ. ಚೌಕದ ಕೋಟೆಯ ಬುಡದಲ್ಲಿ ಶತ್ರು ಅವಿತರೆ ಮೇಲಿನವರ ಕಣ್ಣಿಗೆ ಬೀಳುವುದಿಲ್ಲ. ನಕ್ಷತ್ರದ ಕೋಟೆಯಲ್ಲಿ ಒಂದು ಮೊನೆಯ ಬುಡಕ್ಕೆ ಪಕ್ಕದ ಮೊನೆಯಿಂದ ಗುಂಡು ಹಾರಿಸಬಹುದು. ಅಡಗಲು ಮೂಲೆಯೇ ಇಲ್ಲ. ಕಾರಿನ ಮುಂದಿನ ಎರಡು ಸೀಟುಗಳೂ ಇದೇ ತತ್ವದ ಮೇಲೆ ನಿಂತಿವೆ. ಹತ್ತು ವರ್ಷದ ಸ್ನೇಹದಲ್ಲಿ ಫೋನು ಕಟ್ ಮಾಡಿ ತಪ್ಪಿಸಿಕೊಂಡದ್ದೆಲ್ಲ ಇಲ್ಲಿ ಪಕ್ಕದ ಮೊನೆಯಿಂದ ಕಾಣುತ್ತದೆ: ಪಾರ್ಥ ನಿದ್ದೆಯಲ್ಲಿ ಬಾಯಿ ತೆರೆಯುತ್ತಾನೆ, ಸಾರಥಿ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕುತ್ತಾನೆ, ಹೆಂಡತಿಯ ಕರೆ ಬಂದಾಗ ಇಬ್ಬರ ದನಿಯೂ ಬದಲಾಗುತ್ತದೆ. ಮೊದಲೆರಡು ದಿನ ಜೋಡಿಗಳು ನೋಡುವುದು ಊರನ್ನಲ್ಲ, ಒಬ್ಬರನ್ನೊಬ್ಬರು ಎಂಬ ಪ್ರಬಂಧದ ಮುಖ್ಯ ಸಿದ್ಧಾಂತಕ್ಕೆ ಇದು ಮೊದಲ ಆಧಾರ.

5. ಮೊದಲ ರಾತ್ರಿ: ಕಟ್ಟಳೆಗೆ ಬರುವ ಹಂತ

ಹೋಂಸ್ಟೇಗೆ ಹೋಗುವ ಮಣ್ಣುದಾರಿಯಲ್ಲಿ ಕತ್ತಲಾಗಿರುತ್ತದೆ. ಎದುರಿನಿಂದ ಬಂದ ಬೈಕಿನವನು ಕೈ ಅಡ್ಡ ಹಿಡಿಯುತ್ತಾನೆ. “ಸಾ, ಹಾರ್ನ್ ಗೀರ್ನ್ ಹೊಡೀಬ್ಯಾಡಿ. ಮೇಲ್ಗಡೆ ತೋಟ್ದಲ್ಲಿ ಆನೆ ಅವೆ. ಒಂದರ್ಧ ಗಂಟೆ ಇಲ್ಲೇ ಇದ್ಬುಟ್ಟು ಹೋಗಿ.”

ಆ ಕ್ಷಣದಿಂದ ಹಾಡು ಬಂದ್, ಗಾಜು ಮೇಲೆ, ಉಪದೇಶ ಸ್ಥಗಿತ. ದಿನವಿಡೀ ಆಗದ ಒಮ್ಮತ ಅರ್ಧ ನಿಮಿಷದಲ್ಲಿ ಆಗುತ್ತದೆ.

ಆಲೂರು–ಸಕಲೇಶಪುರದ ಆನೆಗಳು ಹಗಲು ಕಾಫಿ ತೋಟದ ನೆರಳಲ್ಲಿ ನಿಂತು, ರಾತ್ರಿ ಗದ್ದೆಗೂ ಬಾಳೆಗೂ ಇಳಿಯುತ್ತವೆ. ಅರಣ್ಯ ಇಲಾಖೆ ಮೊಬೈಲ್ ಸಂದೇಶ ಕಳಿಸುತ್ತದೆ, ಆನೆ ಕಾರ್ಯಪಡೆ ರಾತ್ರಿಯೆಲ್ಲ ಓಡಾಡುತ್ತದೆ. ಕೆಲಸಕ್ಕೆ ಹೊರಟ ಕೂಲಿಯವರು, ತೋಟದವರು ಜೀವ ಕಳೆದುಕೊಂಡ ಊರುಗಳಿವು. ಎಂಟು ಸಲ ಮೈಸೂರು ದಸರಾದ ಅಂಬಾರಿ ಹೊತ್ತ ಸಾಕಾನೆ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದೂ ಇಲ್ಲಿಯ ಯಸಳೂರು ಅರಣ್ಯ ವಲಯದಲ್ಲೇ, ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ, ಕಾಡಾನೆಯೊಂದರ ಎದುರು. “ಆನೆ ನೋಡಕ್ಕೆ ಸಿಗುತ್ತಾ?” ಎಂದು ಪಾರ್ಥ ಉತ್ಸಾಹದಿಂದ ಕೇಳಿದಾಗ ಹೋಂಸ್ಟೇ ಯಜಮಾನರು ಉತ್ತರಿಸದೆ ರೊಟ್ಟಿ ಬಡಿಸುವುದು ಅದಕ್ಕೇ.

ಊಟಕ್ಕೆ ಅಕ್ಕಿರೊಟ್ಟಿ, ಮಳೆಗಾಲವಾದರೆ ಕಳಲೆ ಪಲ್ಯ. ಊಟದ ನಡುವೆ ಸಾರಥಿ ಅರೇಬಿಕಾ, ರೊಬಸ್ಟಾಗಳ ವ್ಯತ್ಯಾಸದ ಮೇಲೆ ಮೊಬೈಲ್ ನೋಡಿಕೊಂಡು ಉಪನ್ಯಾಸ ಕೊಡುತ್ತಾನೆ. ಮೂರು ತಲೆಮಾರಿನಿಂದ ಎರಡನ್ನೂ ಬೆಳೆಯುತ್ತಿರುವ ಯಜಮಾನರು “ಹೌದಾ” ಎನ್ನುತ್ತಾರೆ. ಮಾರ್ಚ್–ಏಪ್ರಿಲ್‌ನಲ್ಲಿ ಬಂದ ಜೋಡಿಯಾದರೆ ಇನ್ನೊಂದು ತೊಡಕಿದೆ. ಅತಿಥಿಗಳು ನಾಳೆ ಮಳೆ ಬರಬಾರದೆಂದು ಹಾರೈಸುತ್ತಿರುತ್ತಾರೆ. ಯಜಮಾನರು ಹೂಮಳೆಗೆ ಕಾಯುತ್ತಿರುತ್ತಾರೆ. ಆ ಮಳೆ ಬಿದ್ದರೆ ವಾರ–ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ ಹೂಬಿಟ್ಟು ಮಲ್ಲಿಗೆಯ ಹಾಗೆ ಘಮ್ಮೆನ್ನುತ್ತದೆ, ಬೀಳದಿದ್ದರೆ ವರುಷದ ಫಸಲೇ ಕೈಕೊಡುತ್ತದೆ. ಒಂದೇ ಮೇಜಿನಿಂದ ಒಂದೇ ಆಕಾಶಕ್ಕೆ ಎರಡು ಅರ್ಜಿ.

6. ಎರಡನೆಯ ದಿನ: ಜಲವಿಭಾಜಕ ಸಿದ್ಧಾಂತ

ಹೆತ್ತೂರು, ವಣಗೂರು ದಾಟಿ ಬಿಸಿಲೆಯ ಕಡೆಗೆ ಹೊರಟಾಗ ತಿರುವುಗಳು ಶುರು. ಇಲ್ಲಿ ಪಾರ್ಥನ ಮುಖ ಬಿಳಿಚುತ್ತದೆ, ಸಾರಥಿಯ ಮುಖ ಬಿಳಿಚುವುದಿಲ್ಲ. ಒಳಗಿವಿ ‘ತಿರುಗುತ್ತಿದ್ದೇವೆ’ ಎನ್ನುವಾಗ ಮೊಬೈಲಿನಲ್ಲಿ ನೆಟ್ಟ ಕಣ್ಣು ‘ಕೂತಲ್ಲೇ ಇದ್ದೇವೆ’ ಎನ್ನುವುದೇ ಈ ವಾಂತಿಯ ಮೂಲ. ಸ್ಟೀರಿಂಗ್ ಹಿಡಿದವನಿಗೆ ಮುಂದಿನ ತಿರುವು ಮೊದಲೇ ಗೊತ್ತಿರುವುದರಿಂದ ಅವನ ಕಣ್ಣು, ಕಿವಿ ಜಗಳವಾಡುವುದಿಲ್ಲ. ನಿಂಬೆಹಣ್ಣು ಮೂಸುವುದು, ದೂರದ ಗುಡ್ಡ ನೋಡುವುದು, ಉಪದೇಶ ನಿಲ್ಲಿಸುವುದು ಶಾಸ್ತ್ರೋಕ್ತ ಪರಿಹಾರಗಳು. ಮೂರನೆಯದನ್ನು ಸಾರಥಿಗಳು ವಿಶೇಷವಾಗಿ ಶಿಫಾರಸು ಮಾಡುತ್ತಾರೆ.

ಬಿಸಿಲೆಯ ವೀಕ್ಷಣಾ ಸ್ಥಳದಿಂದ ಕುಮಾರಪರ್ವತದ ಸಾಲು ಕಾಣುತ್ತದೆ. ಮಂಜಿದ್ದರೆ ಮಂಜು ಕಾಣುತ್ತದೆ. ಒಬ್ಬ “ಇನ್ನೈದು ನಿಮಿಷ ಕಾಯೋಣ” ಎನ್ನುತ್ತಾನೆ, ಇನ್ನೊಬ್ಬ “ಮೂಕನಮನೆ ಫಾಲ್ಸಿಗೆ ಹೋಗೋಣ ಬಾ” ಎನ್ನುತ್ತಾನೆ.

ಈ ಭಿನ್ನಾಭಿಪ್ರಾಯಕ್ಕೆ ಭೂಗೋಳದ ಸಮರ್ಥನೆ ಇದೆ. ಈ ಸೀಮೆಯ ಬೆಟ್ಟಸಾಲೇ ಜಲವಿಭಾಜಕ. ಪೂರ್ವಕ್ಕೆ ಬಿದ್ದ ಹನಿ ಹೇಮಾವತಿಗೆ, ಅಲ್ಲಿಂದ ಕಾವೇರಿಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಪಶ್ಚಿಮಕ್ಕೆ ಬಿದ್ದದ್ದು ಗುಂಡ್ಯ ಹೊಳೆ, ಕುಮಾರಧಾರಾ, ನೇತ್ರಾವತಿಯ ದಾರಿ ಹಿಡಿದು ಅರಬ್ಬಿ ಸಮುದ್ರಕ್ಕೆ. ಒಂದೇ ಮೋಡದಿಂದ ಬಂದವೇ ಒಂದು ದಿಕ್ಕಿಗೆ ಹೋಗದಿರುವಾಗ, ಒಂದೇ ಕಾಲೇಜಿನಿಂದ ಬಂದವರು ಒಂದೇ ಫಾಲ್ಸಿಗೆ ಹೋಗಬೇಕೆಂದು ಬಯಸುವುದು ಅವೈಜ್ಞಾನಿಕ. ಬಲವಂತದಿಂದ ದಿಕ್ಕು ತಿರುಗಿಸುವುದು ಸಾಧ್ಯವಿಲ್ಲವೆಂದಲ್ಲ. ಸಕಲೇಶಪುರ ತಾಲ್ಲೂಕಿನ ಪಶ್ಚಿಮದ ಹಳ್ಳಗಳ ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಹರಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಯೋಜನೆಯ ಪರಿಷ್ಕೃತ ಅಂದಾಜು 23,251 ಕೋಟಿ ರೂಪಾಯಿ. ಬಿಸಿಲೆಯಲ್ಲಿ ಕೂತ ಗೆಳೆಯನನ್ನು ಮೂಕನಮನೆಗೆ ತಿರುಗಿಸುವ ಅಂದಾಜುಪಟ್ಟಿ ಇನ್ನೂ ತಯಾರಾಗಿಲ್ಲ.

ಎರಡನೆಯ ದಿನದ ಮಧ್ಯಾಹ್ನ ಪಾರ್ಥ “ರೈಲ್ವೆ ಹಳಿ ಮೇಲೆ ಟ್ರೆಕ್ ಮಾಡೋಣ” ಎಂದು ಸೂಚಿಸುತ್ತಾನೆ. ಐವತ್ತಕ್ಕೂ ಹೆಚ್ಚು ಸುರಂಗ, ನೂರಕ್ಕೂ ಹೆಚ್ಚು ಸೇತುವೆಗಳಿರುವ ಈ ದಾರಿಯಲ್ಲಿ ನಡೆಯುವುದು ನಿಷಿದ್ಧ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸಜೆ, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾರಥಿಯೊಡನೆ ಇನ್ನೂ ಆರು ತಿಂಗಳು ಒಂದೇ ಕೋಣೆಯಲ್ಲಿ ಎಂಬ ಯೋಚನೆ ಬಂದೊಡನೆ ಪಾರ್ಥ ಸೂಚನೆ ಹಿಂಪಡೆಯುತ್ತಾನೆ. ಬೆಟ್ಟ ನೋಡಲು 2021ರ ಜುಲೈನಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಓಡುತ್ತಿದೆ. ಅದರಲ್ಲಿ ಸ್ಟೀರಿಂಗ್ ಯಾರ ಕೈಯಲ್ಲೂ ಇರುವುದಿಲ್ಲವೆಂಬುದನ್ನು ಸಹಯಾನಶಾಸ್ತ್ರಜ್ಞರು ಗಮನಿಸಬೇಕು.

7. ಲೆಕ್ಕಪತ್ರ ಮತ್ತು ಮುಂದಿನ ಸಂಶೋಧನೆಗೆ ಸೂಚನೆಗಳು

ಹಿಂದೆ ಟೋಲ್ ಕಟ್ಟುವುದು ಪಕ್ಕದ ಸೀಟಿನವನ ಧರ್ಮವಾಗಿತ್ತು. ಕಿಟಕಿಯಿಂದ ನೋಟು ಚಾಚುವುದು, ಚಿಲ್ಲರೆಗೆ ತಡಕಾಡುವುದು, ರಸೀದಿಯನ್ನು ಡ್ಯಾಶ್‌ಬೋರ್ಡಿಗೆ ಎಸೆಯುವುದು ಎಲ್ಲವೂ ಕಣ್ಣೆದುರು ನಡೆಯುತ್ತಿತ್ತು. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಗೇಟು ತಾನೇ ಎದ್ದು, ಹಣ ಸಾರಥಿಯ ಖಾತೆಯಿಂದ ಸದ್ದಿಲ್ಲದೆ ಹೋಗುತ್ತದೆ. ಪಾರ್ಥ ಕೊಡುವ ಕಾಫಿಯ ದುಡ್ಡು ಮಾತ್ರ ಹೋಟೆಲಿನ ಕ್ಯೂಆರ್ ಮುಂದೆ “ಪೇಮೆಂಟ್ ರಿಸೀವ್ಡ್” ಎಂಬ ಗಟ್ಟಿ ದನಿಯಲ್ಲಿ ಊರಿಗೆಲ್ಲ ಕೇಳಿಸುತ್ತದೆ. ಹಾಗಾಗಿ ಎರಡನೆಯ ದಿನದ ಕೊನೆಗೆ ತಾನೇ ಹೆಚ್ಚು ಕೊಟ್ಟೆನೆಂದು ಇಬ್ಬರೂ ಪ್ರಾಮಾಣಿಕವಾಗಿ ನಂಬಿರುತ್ತಾರೆ.

ಭಾನುವಾರ ರಾತ್ರಿ ಸಾರಥಿ ಪೆಟ್ರೋಲ್, ಟೋಲ್, ಹೋಂಸ್ಟೇಗಳ ಒಟ್ಟು ಮೊತ್ತವನ್ನು ಎರಡರಿಂದ ಭಾಗಿಸಿ ವಾಟ್ಸ್ಯಾಪಿನಲ್ಲಿ ಕಳಿಸಿದ್ದಾನೆ. ಪಾರ್ಥನಿಂದ “ಕಳಿಸ್ತೀನಿ ಮಗಾ” ಎಂಬ ಉತ್ತರವೂ ಹೆಬ್ಬೆರಳಿನ ಒಂದು ಚಿತ್ರವೂ ಬಂದಿವೆ. ಉಳಿದ ದತ್ತಾಂಶ ಕೈಸೇರಿದ ಕೂಡಲೇ ಈ ಅಧ್ಯಾಯವನ್ನು ಪರಿಷ್ಕರಿಸಲಾಗುವುದು.