ಮಗುಚು ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇವೆ. ವಿಷಯ, ಕಯಾಕ್, ಅದರಲ್ಲೂ ಕೆರೆ, ಹಿನ್ನೀರು, ಅಲೆಯೇಳದ ಕಡಲಂಚುಗಳಲ್ಲಿ ಹೊಸಬರಿಗೆ ನಡೆಯುವ ಪಾಠ. ಪ್ರಯೋಜನ, ಒದ್ದೆಯಾಗುವುದು. ಇವೆರಡರ ಸಂಬಂಧವು ಶಿಷ್ಯನು ಒಂದು ಕಾಲನ್ನು ದೋಣಿಗಿಟ್ಟು ಇನ್ನೊಂದನ್ನು ದಂಡೆಯಲ್ಲೇ ಉಳಿಸಿಕೊಂಡ ಕ್ಷಣ ತಾನಾಗಿ ಸಿದ್ಧವಾಗುತ್ತದೆ, ಬೇರೆ ಪ್ರಮಾಣ ಬೇಡ. ತಕರಾರಿರುವುದು ಅಧಿಕಾರಿಯ ವಿಚಾರದಲ್ಲಿ ಮಾತ್ರ.

ಈಜು ಬಾರದವನು ಅನಧಿಕಾರಿ ಎಂಬುದು ಪೂರ್ವಪಕ್ಷ. ಹಾಗೆಂದು ಒಪ್ಪಿದರೆ ಘಟ್ಟದ ಮೇಲಿನಿಂದ ಬಂದ ಶಿಷ್ಯರೆಲ್ಲ ದಂಡೆಯಲ್ಲೇ ಕೂತು ಎಳನೀರು ಕುಡಿಯಬೇಕಾಗುತ್ತದೆ, ಗುರುದಕ್ಷಿಣೆಗೂ ಸಂಚಕಾರ. ಆದ್ದರಿಂದ ಲೈಫ್ ಜಾಕೆಟ್ ತೊಟ್ಟವನೇ ಅಧಿಕಾರಿ ಎಂದು ಸಿದ್ಧಾಂತ. ತೊಟ್ಟರಷ್ಟೇ ಸಾಲದು. ಗುರುವು ಶಿಷ್ಯನ ಎರಡೂ ಭುಜಪಟ್ಟಿ ಹಿಡಿದು ಜಾಕೆಟ್ಟನ್ನು ಮೇಲಕ್ಕೆಳೆಯುತ್ತಾನೆ. ಅದು ಕಿವಿಯವರೆಗೆ ಏರಿದರೆ ಶಿಷ್ಯ ಫೇಲು. ಪಕ್ಕದ ಬೆಲ್ಟು ಬಿಗಿಸಿ ಮರುಪರೀಕ್ಷೆ. ಹಿಂದಿನ ಬ್ಯಾಚಿನವರ ಬೆವರು ಮತ್ತು ಹೊಳೆನೀರು ಸಮಪಾಲಾಗಿ ಸೇರಿರುವ ಈ ಕಿತ್ತಳೆ ಬಣ್ಣದ ಕವಚ ಬೆನ್ನಿಗೆ ತಣ್ಣಗೆ ತಾಗುವಾಗಲೇ ಶಿಷ್ಯನ ಅಹಂಕಾರ ಅರ್ಧ ಕರಗುತ್ತದೆಂದು ಬಲ್ಲವರ ಮತ.

ಇನ್ನು ಕ್ಷೇತ್ರ. ನಾಡಿನಲ್ಲಿ ಈ ವಿದ್ಯೆಗೆ ಹಲವು ಪೀಠಗಳಿವೆ. ಬೆಂಗಳೂರಿನ ಹಲಸೂರು ಕೆರೆ ಅದರಲ್ಲೊಂದು, ಆದರೆ ಅಲ್ಲಿ ಅಭ್ಯಾಸ ಮಾಡುವವರು ಮದ್ರಾಸ್ ಸ್ಯಾಪರ್ಸ್ ಯೋಧರಾದ್ದರಿಂದ ನಮ್ಮಂಥ ಹೊಟ್ಟೆಯವರು ಬೇಲಿಯಾಚೆಯಿಂದ ಕೈಮುಗಿಯಬಹುದಷ್ಟೆ. ಸಾಗರದ ಹತ್ತಿರ ಹೊನ್ನೆಮರಡು ಇನ್ನೊಂದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದು ಶರಾವತಿ ನಿಂತಲ್ಲೇ ನಿಂತದ್ದರ ಫಲ. ನೀರಿಳಿದ ಬೇಸಿಗೆಯಲ್ಲಿ ಅಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ತಲೆಯೆತ್ತಿ ಶಿಷ್ಯನ ದಾರಿ ಕಾಯುತ್ತವೆ. ಪ್ರಸ್ತುತ ಗ್ರಂಥವು ಮುಖ್ಯವಾಗಿ ಅವಲಂಬಿಸಿರುವುದು ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ, ಪಾರಂಪಳ್ಳಿಯ ಸೀತಾನದಿ ಹಿನ್ನೀರನ್ನು. ಯಕ್ಷಗಾನದಿಂದ ವಿಜ್ಞಾನದವರೆಗೆ ಮುಟ್ಟದ ವಿಷಯವೇ ಇಲ್ಲವೆನ್ನಿಸಿದ್ದ ಕೋಟ ಶಿವರಾಮ ಕಾರಂತರು ತಮ್ಮೂರ ಪಕ್ಕದ ಈ ಶಾಸ್ತ್ರವೊಂದನ್ನು ಮಾತ್ರ ನಮಗಾಗಿ ಬಿಟ್ಟುಹೋದಂತಿದೆ. ಋಣ ತೀರಿಸುವುದು ನಮ್ಮ ಧರ್ಮ.

ದೋಣಿಯ ಲಕ್ಷಣಕ್ಕೆ ಬರೋಣ. ಧಾರಾನಗರದ ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ನೌಕೆಗಳನ್ನು ಸಾಮಾನ್ಯ, ವಿಶೇಷ ಎಂದು ಎರಡಾಗಿ ಒಡೆದು, ವಿಶೇಷದಲ್ಲಿ ಉದ್ದನೆಯವನ್ನು ‘ದೀರ್ಘಾ’ ಎಂದು ಕರೆದು, ಅವುಗಳ ಅಗಲ ಉದ್ದದ ಎಂಟನೇ ಒಂದು ಪಾಲು ಇರತಕ್ಕದ್ದೆಂದು ವಿಧಿಸುತ್ತದೆ. ಕಡಲಿಗೆಂದು ಮಾಡಿದ ಹದಿನಾರು ಅಡಿಯ ಕಯಾಕಿನ ಅಗಲ ಎಷ್ಟು? ಸುಮಾರು ಎರಡು ಅಡಿ. ಭೋಜರಾಜನ ಲೆಕ್ಕ ಕೂದಲೆಳೆಯಷ್ಟೂ ತಪ್ಪಿಲ್ಲ! ಈ ಸಂಶೋಧನೆಯಿಂದ ನಮಗಾದ ರೋಮಾಂಚನ ಬಹಳ ಹೊತ್ತು ಉಳಿಯಲಿಲ್ಲ. ಏಕೆಂದರೆ ಹೊಸಬರಿಗೆ ಕೊಡುವುದು ಹತ್ತು ಅಡಿ ಉದ್ದದ, ಎರಡೂವರೆ ಅಡಿ ಅಗಲದ, ಮೇಲೆಯೇ ಕೂರುವಂಥ ಪ್ಲಾಸ್ಟಿಕ್ ದೋಣಿ. ಅದು ಅಳತೆಯಲ್ಲಿ ದೀರ್ಘಾ ವರ್ಗಕ್ಕೆ ಸೇರದೆ, ಶಿಷ್ಯನಂತೆಯೇ ಸಾಮಾನ್ಯ ವರ್ಗದಲ್ಲಿ ಉಳಿಯುತ್ತದೆ. ಆ ವರ್ಗದ ಹತ್ತು ನೌಕೆಗಳಲ್ಲಿ ಒಂದರ ಹೆಸರು ‘ಚಪಲಾ’, ಇನ್ನೊಂದರದು ‘ಭಯಾ’. ದೀರ್ಘಾ ವರ್ಗದಲ್ಲಾದರೂ ನೆಮ್ಮದಿಯುಂಟೇ ಎಂದರೆ ಅಲ್ಲಿಯೂ ‘ಲೋಲಾ’ ಎಂಬುದೊಂದಿದೆ, ಅದು ದುಃಖಪ್ರದವೆಂದು ಗ್ರಂಥವೇ ಎಚ್ಚರಿಸುತ್ತದೆ. ಹತ್ತು ನಿಮಿಷ ಕಯಾಕಿನಲ್ಲಿ ಕೂತವರಿಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಒಂದು ಸಮಾಧಾನ: ಕಡಲಲ್ಲಿ ಸೂಜಿಗಲ್ಲು ಎಳೆದುಕೊಂಡೀತು, ಆದ್ದರಿಂದ ಹಡಗಿಗೆ ಕಬ್ಬಿಣ ಹಾಕಬೇಡಿ ಎಂಬ ಭೋಜನ ಆಜ್ಞೆಯನ್ನು ಈ ಪಾಲಿಥೀನ್ ದೋಣಿಗಳು ಚಾಚೂ ತಪ್ಪದೆ ಪಾಲಿಸುತ್ತವೆ.

ಪರಮತದ ಉಲ್ಲೇಖವೂ ಇಲ್ಲಿ ಉಚಿತ. ಕಯಾಕಿನ ಮೂಲಪುರುಷರು ಗ್ರೀನ್‌ಲ್ಯಾಂಡ್ ಮೊದಲಾದ ಹಿಮಸೀಮೆಯ ಬೇಟೆಗಾರರು. ಕಡಲಲ್ಲಿ ತೇಲಿ ಬಂದ ಮರದ ಚೌಕಟ್ಟಿಗೆ ಸೀಲ್ ಚರ್ಮ ಹೊದಿಸಿ, ಉದ್ದಕ್ಕೆ ತಮ್ಮ ಮೂರು ಮಾರು, ಅಗಲಕ್ಕೆ ತಮ್ಮ ಸೊಂಟ ಮತ್ತು ಎರಡು ಮುಷ್ಟಿ ಎಂದು ಅಳೆದು ಕಟ್ಟಿಕೊಳ್ಳುತ್ತಿದ್ದರು. ಅಂದರೆ ಅಲ್ಲಿ ದೋಣಿಯನ್ನು ಶಿಷ್ಯನ ಅಳತೆಗೆ ಮಾಡುತ್ತಿದ್ದರು, ಇಲ್ಲಿ ದೋಣಿಯ ಅಳತೆಗೆ ಶಿಷ್ಯನನ್ನು ತುರುಕುತ್ತೇವೆ. ನಮ್ಮವರ ಬುದ್ಧಿಯೇನೂ ಕಡಿಮೆಯಲ್ಲ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಒಳಗೆ ಬೆತ್ತ ಹೊರಗೆ ಚರ್ಮದ ದುಂಡನೆಯ ಬುಟ್ಟಿಗಳಲ್ಲಿ ಜನ ಹೊಳೆ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ನಮ್ಮ ಹರಿಗೋಲಿಗೆ ಮುಂದು ಹಿಂದು ಎಂಬ ಭೇದವೇ ಇಲ್ಲ. ಎತ್ತ ಹೋದರೂ ಅದೇ ಮುಂದು. ಕಯಾಕಿಗೆ ಮೂತಿಯುಂಟು, ಬಾಲವುಂಟು, ಆದ್ದರಿಂದ ದಾರಿ ತಪ್ಪುವ ಸಾಧ್ಯತೆಯೂ ಉಂಟು.

ಈಗ ಗ್ರಂಥದ ಹೃದಯಭಾಗ, ಆಸನಾಧಿಕರಣ. ಕಯಾಕ್ ಪಾಠವು ತೋಳಿನ ವಿದ್ಯೆಯೆಂದು ಲೋಕ ನಂಬಿದೆ. ನಮ್ಮ ಪ್ರತಿಜ್ಞೆ ಬೇರೆ: ಇದು ಆದ್ಯಂತ ಕೂರುವ ವಿದ್ಯೆ. ಚಾಪೆಯ ಮೇಲೆ, ಪಂಕ್ತಿಯಲ್ಲಿ, ಶಾಲೆಯ ಬೆಂಚಿನಲ್ಲಿ, ಸರ್ಕಾರಿ ಕುರ್ಚಿಯಲ್ಲಿ ಕೂತು ಕೂತೇ ಅರ್ಧ ಆಯುಷ್ಯ ಸವೆಸಿದ ಮನುಷ್ಯನಿಗೆ ತನಗೆ ಕೂರಲು ಬರುವುದಿಲ್ಲವೆಂದು ತೋರಿಸಿಕೊಡುವುದೇ ಮೊದಲ ಪಾಠ. ಸೂತ್ರ: ‘ತಲೆ ನೆಟ್ಟಗೆ, ಸೊಂಟ ಸಡಿಲ’. ವೃತ್ತಿ: ಕಾಲು ಮುಂದೆ ಚಾಚಿ, ಪಾದವನ್ನು ಅದರ ಗುಳಿಗೆ ಒತ್ತಿ, ಮಂಡಿ ತುಸು ಮಡಿಸಿ ಹೊರಕ್ಕೆ ತಾಗಿಸಿ, ಬೆನ್ನು ಒರಗಿಸದೆ ಕೂರುವುದು. ಭಾಷ್ಯ: ದೋಣಿ ವಾಲಿದರೆ ವಾಲಲಿ, ಸೊಂಟವೂ ಜೊತೆಗೆ ವಾಲಲಿ, ಆದರೆ ಆ ಸುದ್ದಿ ತಲೆಗೆ ಮುಟ್ಟಬಾರದು.

ಇದಕ್ಕೆ ಪಾಶ್ಚಾತ್ಯ ಸಮರ್ಥನೆಯೂ ಇದೆ. ಫ್ರಾನ್ಸಿನ ಪಿಯೆರ್ ಬೂಗೆ 1746ರಲ್ಲಿ ಹಡಗಿನ ಕುರಿತು ಬರೆದ ಗ್ರಂಥದಲ್ಲಿ ಮೆಟಾಸೆಂಟರ್ ಎಂಬ ಬಿಂದುವನ್ನು ಸ್ಥಾಪಿಸಿದ. ಗುರುತ್ವಕೇಂದ್ರ ಆ ಬಿಂದುವಿಗಿಂತ ಕೆಳಗಿರುವ ತನಕ ವಾಲಿದ ದೋಣಿ ತಾನಾಗಿ ನೇರವಾಗುತ್ತದೆ, ಮೇಲೇರಿತೋ, ಮಗುಚುತ್ತದೆ. ಈ ಗ್ರಂಥವನ್ನು ಆತ ಬಹುಪಾಲು ಬರೆದದ್ದು ಭೂಮಿಯ ಆಕಾರ ಅಳೆಯಲು ಹೋಗಿದ್ದ ಆಂಡೀಸ್ ಪರ್ವತಗಳ ಮೇಲೆ ಎಂಬುದು, ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ಶಾಸ್ತ್ರ ಬರೆಯುವ ನಮ್ಮಂಥವರಿಗೆ ದೊಡ್ಡ ಧೈರ್ಯ. ಶಿಷ್ಯನಿಗೆ ಬೂಗೆಯ ಪರಿಚಯವಿರುವುದಿಲ್ಲ. ದೋಣಿ ಅಲುಗಿದೊಡನೆ ಅವನು ಎರಡೂ ಅಂಚು ಗಟ್ಟಿಯಾಗಿ ಹಿಡಿದು ಮೈಯನ್ನೂ ದೋಣಿಯನ್ನೂ ಒಂದು ಮಾಡಿಕೊಳ್ಳುತ್ತಾನೆ. ಆಮೇಲೆ ದೋಣಿ ಎತ್ತ ವಾಲಿತೋ ತಲೆಯೂ ಅತ್ತಲೇ. ಅಂಚು ಹಿಡಿದವನೇ ಮೊದಲು ಬೀಳುವುದು. ಬೂಗೆಯ ನೂರಾರು ಪುಟಗಳನ್ನು ಪಾರಂಪಳ್ಳಿಯ ಗುರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ: “ಹ್ವಾಯ್, ದೋಣಿ ಕಾಣ್ಬೇಡಿ, ಎದ್ರ್ ಕಾಣಿ. ಸಡ್ಲ ಕೂಕಣಿ. ಎಂತ ಆತಿಲ್ಲೆ.”

ಆಗುತ್ತದೆ. ಅದಕ್ಕೇ ಪತನಾಧಿಕರಣ. ಬೇರೆ ವಿದ್ಯೆಗಳಲ್ಲಿ ಫೇಲಾಗುವುದು ಕೊನೆಗೆ, ಇಲ್ಲಿ ಪಠ್ಯಕ್ರಮದ ಆರಂಭಕ್ಕೇ ಇಟ್ಟಿದ್ದಾರೆ. ಒಳಗೆ ಕೂರುವ ಕಯಾಕಿನಲ್ಲಾದರೆ ತಲೆಕೆಳಗಾದಾಗ ಗಾಬರಿಬೀಳದೆ ಮುಂದಕ್ಕೆ ಬಾಗಿ, ದೋಣಿಯೊಳಗೆ ನೀರು ನುಗ್ಗದಂತೆ ಸೊಂಟಕ್ಕೆ ಕಟ್ಟಿಕೊಂಡ ಸ್ಕರ್ಟಿನ ಕುಣಿಕೆ ಎಳೆದು, ಅಂಚನ್ನು ತಳ್ಳಿ ಹೊರಬೀಳುವುದನ್ನು ಬೇಕೆಂದೇ ಬೀಳಿಸಿ ಕಲಿಸುತ್ತಾರೆ. ಮೇಲೆ ಕೂರುವ ದೋಣಿಯಲ್ಲಿ ಈ ರಗಳೆಯಿಲ್ಲ, ಅದೇ ಎಸೆದುಬಿಡುತ್ತದೆ. ಮರಳಿ ಹತ್ತುವುದು ಕಷ್ಟ. ದೋಣಿಯ ಪಕ್ಕ ಕಾಲು ಬಡಿಯುತ್ತ ಮೈಯನ್ನು ನೀರಿನ ಮಟ್ಟಕ್ಕೆ ತಂದು, ಹೊಟ್ಟೆ ದೋಣಿಯ ನಡುವಿಗೆ ಬರುವಂತೆ ಎಳೆದುಕೊಂಡು, ಹೊರಳಿ ಕುಂಡೆಯನ್ನು ಕುಳಿಗೆ ಸೇರಿಸಿ, ಕಡೆಗೆ ಕಾಲು. ಈ ಕ್ರಮ ತಪ್ಪಿಸಿ ಮೊದಲೇ ಕಾಲು ಹಾಕಹೋದ ವಿದ್ವಾಂಸರು ಆಚೆ ಬದಿಯಿಂದ ಇಳಿದಿದ್ದಾರೆ. ಪತನದಲ್ಲಿಯೂ ದೇಶಭೇದವನ್ನು ಗಮನಿಸಬೇಕು. ಗ್ರೀನ್‌ಲ್ಯಾಂಡಿನ ನೀರಿನಲ್ಲಿ ಹೊರಬಿದ್ದವನು ಕೊರೆತಕ್ಕೇ ಸಾಯುವುದರಿಂದ ಅಲ್ಲಿಯವರು ದೋಣಿ ಬಿಡದೆ ಹುಟ್ಟಿನಿಂದಲೇ ಹೊರಳಿ ಮೇಲೇಳುವ ಬಗೆಗಳನ್ನು ಕಂಡುಕೊಂಡರು. ನಮ್ಮ ಶಿಷ್ಯ ಕೈಕಾಲು ಬಡಿದು ಕುಲದೇವರನ್ನು ಕೂಗುತ್ತಿದ್ದರೆ ಗುರುವಿನ ಉಪದೇಶ ಇಷ್ಟೆ: “ಎದ್ ನಿಲ್ಲಿ ಮರಾಯ್ರೆ, ಸೊಂಟದಷ್ಟೇ ನೀರ್ ಇಪ್ದ್.”

ಪುಸ್ತಕ ಓದಿ ಈಜಲಾದೀತೇ ಎಂದು ನಮ್ಮನ್ನು ಗೇಲಿ ಮಾಡುವವರಿದ್ದಾರೆ. ಅಂಥವರ ಬಾಯಿ ಮುಚ್ಚಿಸಲು ಎಡಿ ಹಾನ್ಸ್ ಪಾವ್ಲಾಟ ಎಂಬೊಂದೇ ಹೆಸರು ಸಾಕು. ಈ ಆಸ್ಟ್ರಿಯನ್ ಮಹಾಶಯ ಹಿಮಸೀಮೆಗೆ ಹೋದವನಲ್ಲ. ಹೋಗಿ ಬಂದವರ ಪುಸ್ತಕಗಳನ್ನು ಓದಿಯೇ, 1927ರಲ್ಲಿ ತನ್ನ ದೇಶದ ಸರೋವರವೊಂದರಲ್ಲಿ ಮಗುಚಿದ ಕಯಾಕನ್ನು ಹುಟ್ಟಿನಿಂದ ಹೊರಳಿಸಿ ಎಬ್ಬಿಸಿ, ಯುರೋಪಿಯನ್ನರಲ್ಲಿ ಆ ವರಸೆ ಸಾಧಿಸಿದ ಮೊದಲಿಗನೆನಿಸಿದ. ಇಂದಿಗೂ ಆ ವರಸೆಗೆ ಅವನದೇ ಹೆಸರು. ಗ್ರಂಥಾಲಯಗಳಲ್ಲಿ ಅವನ ಭಾವಚಿತ್ರ ತೂಗುಹಾಕದಿರುವುದು ಅನ್ಯಾಯ.

ಹುಟ್ಟಿನ ವಿಚಾರ ಸಂಕ್ಷೇಪವಾಗಿ. ಗುರುಗಳು ಅದನ್ನು ಪ್ಯಾಡಲ್ ಎನ್ನುತ್ತಾರೆ. ಎರಡೂ ತುದಿಗೆ ಎಲೆ, ಎಲೆಯ ಒಂದಂಚು ಉದ್ದ, ಒಂದಂಚು ಗಿಡ್ಡ. ಉದ್ದದಂಚು ಮೇಲಿರಬೇಕು, ಕುಳಿಬಿದ್ದ ಮೈ ನಮ್ಮ ಕಡೆಗಿರಬೇಕು. ಕಾಲ್ಬೆರಳ ಪಕ್ಕ ನೀರಿಗಿಳಿಸಿ ಸೊಂಟದ ಪಕ್ಕ ಎತ್ತುವುದು, ಎಳೆಯುವುದು ತೋಳಿನಿಂದಲ್ಲ, ನಡು ತಿರುಗಿಸಿ. ಹೊಸಬ ಮಾತ್ರ ಮದುವೆಮನೆಯ ಕೊಪ್ಪರಿಗೆಯಲ್ಲಿ ಸಾರು ತಿರುವಿದಂತೆ ತಿರುವುತ್ತ ಹೊಳೆಗೆ ಉಪ್ಪು ಸಾಕೇ ಎಂದು ನೋಡುತ್ತಿರುತ್ತಾನೆ. ಎಡಕ್ಕೆ ಹೊರಳಬೇಕಾದರೆ ಬಲಗಡೆ ಅಗಲವಾಗಿ ಬೀಸಬೇಕೆಂಬ ನಿಯಮ ರಾಜಕಾರಣದಲ್ಲಿ ಪಳಗಿದವರಿಗೆ ಬೇಗ ಹತ್ತುತ್ತದೆ.

ಇಬ್ಬರು ಕೂರುವ ಕಯಾಕನ್ನು ಮಾತ್ರ ಹಾಗೆ ದಾಟಿಹೋಗಲಾಗದು. ಒಬ್ಬನೇ ಕೂರುವುದು ಅದ್ವೈತ, ಇಬ್ಬರು ಕೂರುವುದು ದ್ವೈತ. ಮಧ್ವಾಚಾರ್ಯರು ಹುಟ್ಟಿದ ಪಾಜಕ ಇದೇ ಜಿಲ್ಲೆಯಲ್ಲಿರುವುದು ಆಕಸ್ಮಿಕವೆಂದು ನಾವು ನಂಬುವುದಿಲ್ಲ. ಅವರು ಹೇಳಿದ ಪಂಚಭೇದಗಳಷ್ಟನ್ನೂ ಒಂದೇ ದೋಣಿಯಲ್ಲಿ ಕಣ್ಣಾರೆ ಕಾಣಬಹುದು. ಶಾಸ್ತ್ರದ ಪ್ರಕಾರ ಮುಂದೆ ಕೂತವರು ತಾಳ ಹಾಕಬೇಕು, ಹಿಂದೆ ಕೂತವರು ಆ ತಾಳಕ್ಕೇ ಹುಟ್ಟು ಹಾಕುತ್ತ ದಿಕ್ಕು ನೋಡಿಕೊಳ್ಳಬೇಕು. ತೂಕದ ಕಾರಣ ಹಿಂದೆ ಕೂತಿರುವುದು ಸಾಮಾನ್ಯವಾಗಿ ಗಂಡ. ಹೆಂಡತಿಯ ತಾಳಕ್ಕೆ ಕೈಯಾಡಿಸುವ ಅಭ್ಯಾಸ ಅವನಿಗೆ ಮನೆಯಲ್ಲಿ ಇದ್ದರೂ ಜನರೆದುರು ಇಲ್ಲ. ಎರಡು ಪ್ಯಾಡಲು ಗಾಳಿಯಲ್ಲಿ ಟಕ್ಕೆಂದು ಬಡಿದುಕೊಳ್ಳುತ್ತವೆ: ಜಡ-ಜಡ ಭೇದ. ಪ್ಯಾಡಲು ಕೈಜಾರಿ ತನ್ನಷ್ಟಕ್ಕೆ ತೇಲಿಹೋಗುತ್ತದೆ: ಜೀವ-ಜಡ ಭೇದ. “ರೀ, ನೀವು ಸ್ವಲ್ಪ ಸುಮ್ನೆ ಕೂತ್ಕೊಳ್ಳಿ.” “ನಾನು ಸುಮ್ನೆ ಕೂತ್ರೆ ದೋಣಿ ಏನು ನಿಮ್ಮಪ್ಪ ತಳ್ತಾರಾ?” ಇದು ಜೀವ-ಜೀವ ಭೇದ, ಐದರಲ್ಲಿ ಅತ್ಯಂತ ನಿತ್ಯವಾದದ್ದು. ಇಷ್ಟೆಲ್ಲದರಿಂದ ಬೇರೆಯಾಗಿ, ತನ್ನ ದೋಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಎಲ್ಲವನ್ನೂ ಬಲ್ಲವನಾಗಿ, ಕರೆದಾಗ ಮಾತ್ರ ಬರುವ ಗುರುವಿನಲ್ಲಿ ಉಳಿದೆರಡು ಭೇದಗಳನ್ನು ಓದುಗರು ಹೊಂದಿಸಿಕೊಳ್ಳಬಹುದು.

ಕಾಲನಿರ್ಣಯದಲ್ಲಿ ನಾವು ತಮಾಷೆ ಮಾಡುವುದಿಲ್ಲ, ಅದಕ್ಕೆ ಪಂಚಾಂಗವೇ ಆಧಾರ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಹೆಚ್ಚು ಏರಿ ಇಳಿತ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಸುತ್ತಮುತ್ತ ಏರಿಳಿತ ಸಣ್ಣದು. ಒಂದು ಉಬ್ಬರಕ್ಕೂ ಮುಂದಿನದಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷ. ಉಬ್ಬರದಲ್ಲಿ ಕಾಂಡ್ಲಾ ಕಾಡಿನ ನಡುವಿನ ಓಣಿಗಳಲ್ಲೆಲ್ಲ ನೀರು ತುಂಬಿ ದೋಣಿ ಸಲೀಸಾಗಿ ನುಗ್ಗುತ್ತದೆ. ಇಳಿತದಲ್ಲಿ ಅದೇ ಓಣಿ ಕೆಸರು. ಕಮಾನಿನಂಥ ಬೇರುಗಳು ಬುಡದವರೆಗೆ ಬತ್ತಲಾಗಿ, ಅವುಗಳಿಗೆ ಅಂಟಿದ ಚಿಪ್ಪುಗಳ ಬಾಯಿ ಬ್ಲೇಡಿನಷ್ಟು ಚೂಪು. ಬೇರು ಹಿಡಿದು ದೋಣಿ ನಿಲ್ಲಿಸಹೋದ ಶಿಷ್ಯನ ಅಂಗೈ ನೋಡಿ ತಿಥಿ ಹೇಳಬಹುದು. ಇಳಿತಕ್ಕೆ ಕೈಕಟ್ಟಿ ಕೂತವನನ್ನು ಸೀತಾನದಿ ದಾಕ್ಷಿಣ್ಯವಿಲ್ಲದೆ ಕೋಡಿ ಬೆಂಗ್ರೆಯ ಅಳಿವೆಯತ್ತ ಸಾಗಿಸುತ್ತದೆ. ಅದಕ್ಕೇ ಹೋಗುವಾಗ ಸೆಳೆತಕ್ಕೂ ಗಾಳಿಗೂ ಎದುರಾಗಿ ಹೋಗಿ, ಸುಸ್ತಾದ ಮೇಲೆ ಅವುಗಳ ಜೊತೆಗೆ ಬರಬೇಕೆಂದು ವಿಧಿ.

ಗಾಳಿಯೋ, ಬೆಳಿಗ್ಗೆ ಇರುವುದಿಲ್ಲ. ಬಿಸಿಲೇರಿ ನೆಲ ಕಾದ ಮೇಲೆ ಕಡಲ ಕಡೆಯಿಂದ ಬೀಸತೊಡಗುತ್ತದೆ. ಆಗ ಕಯಾಕಿನ ಮೂತಿ ತಾನಾಗಿ ಗಾಳಿಯ ಕಡೆಗೆ ತಿರುಗುವುದು ಅದರ ಜಾತಿಧರ್ಮ. ಶಿಷ್ಯ ಪೂರ್ವಕ್ಕೆ ಹುಟ್ಟು ಹಾಕುತ್ತಾನೆ, ದೋಣಿ ಅರಬ್ಬಿ ಸಮುದ್ರವನ್ನು ನೋಡುತ್ತದೆ. ಮಳೆಗಾಲದಲ್ಲಿ ಈ ಕಡಲಿನ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳೇ ಮೀನಿಗೆ ಹೋಗದೆ ಬಂದರಿನಲ್ಲಿ ಸಾಲಾಗಿ ನಿಂತಿರುವಾಗ, ಹತ್ತಡಿ ಪ್ಲಾಸ್ಟಿಕ್ಕಿನವನು ಇಳಿಯುವುದು ಶಾಸ್ತ್ರಸಮ್ಮತವಲ್ಲ.

ಕೊನೆಯದು ಅವರೋಹಣಾಧಿಕರಣ, ಇದುವರೆಗೆ ಯಾವ ಆಚಾರ್ಯರೂ ಬಗೆಹರಿಸದ್ದು. ಗಂಟೆಯುದ್ದಕ್ಕೂ ಒಂದು ಹನಿ ಮೈಗೆ ತಾಗಿಸಿಕೊಳ್ಳದೆ ಮರಳಿದ ಶಿಷ್ಯ ಕಟ್ಟೆ ಒಂದು ಮಾರು ದೂರವಿರುವಾಗ, ದಂಡೆಯಲ್ಲಿರುವವರು ಫೋಟೊ ತೆಗೆಯಲೆಂದು ಎದ್ದು ನಿಲ್ಲುತ್ತಾನೆ. ಗುರುತ್ವಕೇಂದ್ರವೂ ಅವನೊಡನೆ ಏಳುತ್ತದೆ. ಬೂಗೆ ಆಂಡೀಸಿನಲ್ಲಿ ಬರೆದದ್ದು ಪಾರಂಪಳ್ಳಿಯಲ್ಲಿ ನಿಜವಾಗುತ್ತದೆ. ಪ್ರಶ್ನೆ: ಇದು ಪತನವೋ, ಅವರೋಹಣವೋ? ದೋಣಿ ಕಟ್ಟೆ ಮುಟ್ಟಿರಲಿಲ್ಲ, ಆದ್ದರಿಂದ ಪತನ ಎಂಬುದು ಒಂದು ಪಕ್ಷ. ಇಳಿಯಬೇಕೆಂಬ ಸಂಕಲ್ಪ ಅವನಲ್ಲಿತ್ತು, ಇಳಿದೂ ಆಯಿತು, ಆದ್ದರಿಂದ ಅವರೋಹಣವೇ ಎಂಬುದು ಇನ್ನೊಂದು. ಹೆಂಡತಿ ಮೊದಲ ಪಕ್ಷದವಳು, ಶಿಷ್ಯ ಎರಡನೆಯದರ ಪರವಾಗಿ ಬಾಯೊಳಗಿನ ಉಪ್ಪುನೀರು ಉಗಿದು ವಾದಕ್ಕೆ ತೊಡಗಿದ್ದ. ನಾವು ಉಭಯಪಕ್ಷಗಳನ್ನೂ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಂತೆ ಗುರುವು ನೀರಿನತ್ತ ಬಗ್ಗಿ ನೋಡಿ ಕೇಳಿದ: “ಹ್ವಾಯ್, ಅದೆಲ್ಲ ಇರ್ಲಿ. ಕಾರಿನ್ ಕೀ ಕಿಸಿಯಂಗ್ ಇತ್ತಾ ಕಾಣಿ?”