ಸ್ವಲ್ಪ ಎಡಕ್ಕೆ ತಗೊಳಪ್ಪ

ದಾರಿ ಹೇಳುವವರು ಎಂಬುದೊಂದು ಪಂಗಡ ನಮ್ಮಲ್ಲಿದೆ. ಜಾತಿ ಗಣತಿಯಲ್ಲಿ ಇವರಿಗೆ ಕಾಲಂ ಇಲ್ಲ; ಇದ್ದಿದ್ದರೆ ಮೀಸಲಾತಿ ಕೇಳುವಷ್ಟು ಸಂಖ್ಯೆ ಖಂಡಿತ ಬರುತ್ತಿತ್ತು. ಆಟೋ ಹತ್ತಿದರೆ ಡ್ರೈವರಿಗೆ ಅಡ್ಡರಸ್ತೆ ತೋರಿಸುವವರು, ಮದುವೆಮನೆಯಲ್ಲಿ ಅಡುಗೆಭಟ್ಟರ ಬೆನ್ನ ಹಿಂದೆ ನಿಂತು ಸಾರಿನ ಹದ ಹೇಳುವವರು ಇವರೇ. ಯಾರೋ ಪಾಪ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದರೆ ಎಲ್ಲಿಂದಲೋ ಪ್ರತ್ಯಕ್ಷರಾಗಿ “ಬರ್ಲಿ, ಬರ್ಲಿ, ಬರ್ಲಿ” ಎನ್ನುವವರೂ ಇವರೇ. ಬಂಪರು ಗೋಡೆಗೆ ತಾಗಿದ ಸದ್ದಾದ ಮೇಲೆ “ಹಾಂ, ಸಾಕು” ಎನ್ನುವವರೂ ಇವರೇ.

ನೆಲದ ಮೇಲೆ ಇದೆಲ್ಲ ನಡೆದುಹೋಗುತ್ತದೆ. ರಸ್ತೆಗೆ ಎಡ ಬಲ ಇದೆ, ಕಾರಿಗೆ ಹಿಂದೆ ಮುಂದೆ ಇದೆ. ಇಂಥವರೊಬ್ಬರನ್ನು ಹಂಪಿಯಲ್ಲಿ ಹರಿಗೋಲು ಹತ್ತಿಸಿ ನೋಡಬೇಕು.

ಹರಿಗೋಲಿಗೆ ಮುಂಭಾಗವೂ ಇಲ್ಲ, ಹಿಂಭಾಗವೂ ಇಲ್ಲ. ಸೀಳಿದ ಬಿದಿರಿನ ದಬ್ಬೆಗಳಿಂದ ಹೆಣೆದ ದುಂಡನೆಯ ದೊಡ್ಡ ಬುಟ್ಟಿ ಅದು. ಹಿಂದೆಲ್ಲ ಹೊರಗಡೆ ಚರ್ಮ ಹೊದಿಸುತ್ತಿದ್ದರು; ಈಗ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ. ಅಂಬಿಗ ಎಲ್ಲಿ ಕೂತನೋ ಅದೇ ಮುಂಭಾಗ. ಹುಟ್ಟನ್ನು ಮುಂದಕ್ಕೆ ಚಾಚಿ ನೀರಿಗಿಳಿಸಿ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ, ಒಮ್ಮೆ ಈ ಪಕ್ಕ, ಒಮ್ಮೆ ಆ ಪಕ್ಕ. ಒಂದೇ ಪಕ್ಕ ಹಾಕಿದರೆ ಬುಟ್ಟಿ ನಿಂತಲ್ಲೇ ಗಿರಗಿರ. ಎರಡೂ ಪಕ್ಕ ಹಾಕಿದರೂ ಅರ್ಧ ಸುತ್ತು ಹೋಗಿ, ಮತ್ತೆ ಅರ್ಧ ಸುತ್ತು ವಾಪಸು ಬಂದು, ಹಾಗೇ ಓಲಾಡುತ್ತಾ ಸಾಗುವುದೇ ಅದರ ನಡಿಗೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ನೋಡಿದ್ದಾನೆ. ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು, ಆದರೆ ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದಿಟ್ಟಿದ್ದಾನೆ. ಐನೂರು ವರ್ಷದಲ್ಲಿ ಸಾಮ್ರಾಜ್ಯ ಹೋಯಿತು, ಸುತ್ತು ಹೋಗಿಲ್ಲ. ಅದನ್ನು ನೆಟ್ಟಗೆ ನಡೆಸಿ ತೋರಿಸುತ್ತೇನೆಂದು ಪಾಯೆಸ್ ಹಠ ಹಿಡಿದಂತೆ ಕಾಣುವುದಿಲ್ಲ. ಅವನಾದರೋ ಪರದೇಶಿ. ನಮ್ಮ ಷಡ್ಡಕರಲ್ಲ.

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಯಜಮಾನರು. ನಾವೆಲ್ಲ ಕರೆಯುವುದು ಭಾವನವರು ಅಂತ. ನೀರಾವರಿ ಇಲಾಖೆಯ ಲೆಕ್ಕಪತ್ರದ ವಿಭಾಗದಲ್ಲಿದ್ದು ನಿವೃತ್ತರಾದವರು. ಸರ್ವೀಸು ಪೂರ್ತಿ ಅವರು ನೀರನ್ನು ಕಂಡದ್ದು ಫೈಲಿನಲ್ಲಿ ಮತ್ತು ಮೇಜಿನ ಮೇಲಿನ ಸ್ಟೀಲ್ ಲೋಟದಲ್ಲಿ. ಹಾಗಂತ ಜ್ಞಾನಕ್ಕೇನೂ ಕೊರತೆಯಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಯಿತಲ್ಲ, ಆ ವಾರ ಪೂರ್ತಿ ಟೀವಿ ಮುಂದೆ ಸೋಫಾದಲ್ಲಿ ಕೂತೇ ತುಂಬಿ ಹರಿಯುವ ನೀರಿನಲ್ಲಿ ಅದನ್ನು ತಡೆಯುವ ಸ್ಟಾಪ್‌ಲಾಗ್ ಇಳಿಸಿದವರು ಅವರು. ಅಲ್ಲಿದ್ದ ತಜ್ಞರು ನಿಜವಾಗಿ ಇಳಿಸಿದ ದಿನ “ನಾನು ಹೇಳಿದ ಹಾಗೇ ಮಾಡಿದ್ರು ನೋಡು” ಎಂದು ಎರಡನೇ ಕಾಫಿ ಕೇಳಿದರು.

ಕೋದಂಡರಾಮ ದೇವಸ್ಥಾನದ ಎದುರು, ಹೊಳೆ ಉತ್ತರಕ್ಕೆ ಹೊರಳುವ ಚಕ್ರತೀರ್ಥದ ದಂಡೆಯಲ್ಲಿ ನಾವು ಇಳಿದಾಗ ಅಂಬಿಗ ಹರಿಗೋಲನ್ನು ಬಂಡೆಗೆ ಒರಗಿಸಿ ನಿಲ್ಲಿಸಿದ್ದ. ಭಾವನವರು ಮೊದಲು ಅದರ ತಳವನ್ನು ಬೆರಳಿನಿಂದ ಕುಟ್ಟಿ ನೋಡಿದರು. ಹಂಪಿಯ ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಬೆರಳಿಗೆ ಮೆತ್ತಿದ್ದನ್ನು ಬಂಡೆಗೆ ಒರೆಸಿದರು, ಬಂಡೆಗೆ ಹೋಗಲಿಲ್ಲ. ಕರ್ಚೀಫಿಗೆ ಒರೆಸಿದರು, ಕರ್ಚೀಫು ಬೆರಳಿಗೆ ಅಂಟಿಕೊಂಡಿತು. ಅದನ್ನು ಬಿಡಿಸಲು ಎಡಗೈ ಹಾಕಿದರು. ಹೀಗೆ ಎರಡೂ ಕೈ ಮತ್ತು ಕರ್ಚೀಫು ಒಂದಾಗಿದ್ದಾಗಲೇ “ಕೋಟಿಂಗು ಪರವಾಗಿಲ್ಲ” ಎಂದು ಸರ್ಟಿಫಿಕೇಟು ಕೊಟ್ಟರು.

ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ಹಾಕಿಕೊಂಡದ್ದಾಯಿತು. ಭಾವನವರು ತಮ್ಮದರ ಪಟ್ಟಿ ಕಟ್ಟುವ ಮುನ್ನ ನಮ್ಮೆಲ್ಲರದನ್ನೂ ಬಿಚ್ಚಿ ಮತ್ತೆ ಕಟ್ಟಿದರು. ಅಂಬಿಗ ನಮ್ಮನ್ನೊಮ್ಮೆ ಸುಮ್ಮನೆ ನೋಡಿದ. ತೂಕ ನೋಡುತ್ತಿದ್ದಾನೆ ಅಂದುಕೊಂಡೆ. ಆಮೇಲೆ ಭಾವನವರಿಗೆ ಕೈ ತೋರಿಸಿ, “ದೊಡ್ಡವ್ರು, ನೀವು ನಡುವಕ್ಕ ಬರ್ರಿ” ಅಂದ. ಭಾವನವರ ಮುಖ ಅರಳಿತು. ಮನುಷ್ಯನನ್ನು ನೋಡಿದ ಕೂಡಲೇ ಯೋಗ್ಯತೆ ತಿಳಿಯುವವರು ಈಗ ಹಳ್ಳಿಗಳಲ್ಲಿ ಮಾತ್ರ ಉಳಿದಿದ್ದಾರೆ ಎಂದು ನನ್ನ ಕಿವಿಯಲ್ಲಿ ಹೇಳಿ, ಬುಟ್ಟಿಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತರು.

ದಂಡೆ ಬಿಟ್ಟು ಎರಡು ಮಾರು ಹೋಗಿರಲಿಲ್ಲ.

“ಸ್ವಲ್ಪ ಎಡಕ್ಕೆ ತಗೊಳಪ್ಪ, ಅಲ್ಲಿ ಬಂಡೆ ಇದೆ.”

ಬಂಡೆ ಇತ್ತು, ಸುಳ್ಳಲ್ಲ. ತುಂಗಭದ್ರೆಯ ಆ ಭಾಗದಲ್ಲಿ ಬಂಡೆ ಇಲ್ಲದ ಜಾಗ ತೋರಿಸಿದರೆ ಅದೇ ವಿಶೇಷ. ಆದರೆ ‘ಎಡಕ್ಕೆ’ ಎನ್ನುವಾಗ ಎಡಗಡೆಗಿದ್ದ ಆನೆಗೊಂದಿಯ ಗುಡ್ಡ ‘ತಗೊಳಪ್ಪ’ ಮುಗಿಯುವ ಹೊತ್ತಿಗೆ ಬೆನ್ನ ಹಿಂದೆ ಬಂದಿತ್ತು, ಬಂಡೆ ಬಲಕ್ಕೆ ಹೋಗಿತ್ತು.

“ಎಡಕ್ಕೆ ಅಂದ್ರೆ ಬಲಕ್ಕೆ ಹೋಗ್ತಿದೀಯಲ್ಲೋ!”

“ಯಾರ ಎಡಕ್ರಿ ಸರ?”

ಭಾವನವರು ಬಾಯಿ ತೆರೆದರು, ಮುಚ್ಚಿದರು. ಇಷ್ಟು ವರ್ಷದ ಮಾರ್ಗದರ್ಶನದಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಒಂದು ಸುತ್ತು ಹರಿಗೋಲು, ಒಂದು ಸುತ್ತು ಆಲೋಚನೆ. ಕೊನೆಗೆ ಪರಿಹಾರ ಹೊಳೆಯಿತು. ಮೊಬೈಲ್ ತೆಗೆದು ದಿಕ್ಸೂಚಿ ಹಾಕಿಕೊಂಡರು. “ಈಶಾನ್ಯಕ್ಕೆ ತಗೊ!” ಈಶಾನ್ಯದಲ್ಲಿ ಅಂಬಿಗನೇ ಕೂತಿದ್ದ. ಮರುಕ್ಷಣ ಅಲ್ಲಿ ನಮ್ಮ ಅತ್ತಿಗೆ ಇದ್ದರು. “ರೀ, ಸುಮ್ನೆ ಕೂತ್ಕೊಳಿ, ತಲೆ ತಿರುಗುತ್ತೆ” ಎಂದರು ಅವರು. ಅದು ಹೊಳೆಯ ಬಗ್ಗೆ ಹೇಳಿದ್ದೆಂದು ನನಗನ್ನಿಸಲಿಲ್ಲ.

ಕೋಟಿಲಿಂಗದ ಬಳಿ ಅಂಬಿಗ ಬಂಡೆಗೆ ತಾಗಿಸಿ ನಿಲ್ಲಿಸಿದ. ಚಪ್ಪಟೆ ಬಂಡೆಯ ಮೇಲೆ ಸಾಲುಸಾಲಾಗಿ ಕೆತ್ತಿದ ಪುಟ್ಟಪುಟ್ಟ ಲಿಂಗಗಳು, ಒಂದು ಕಡೆ 1008, ಇನ್ನೊಂದು ಕಡೆ 108. ನೀರು ಬಂದು ಬಂದು ಕೆಲವದರ ನೆತ್ತಿ ನುಣುಪಾಗಿದೆ. ಎಂಥವರೂ ಒಂದು ಗಳಿಗೆ ಮಾತು ಮರೆಯುವ ಜಾಗ. ಭಾವನವರು ಆಡಿಟ್ ಶುರು ಮಾಡಿದರು. ನೂರು ದಾಟುವ ಹೊತ್ತಿಗೆ ಬೇರೆ ಹರಿಗೋಲಿನ ಮಗುವೊಂದು ಅಡ್ಡ ಓಡಿ ಲೆಕ್ಕ ತಪ್ಪಿತು. ಮೊದಲಿಂದ ಎಣಿಸುತ್ತೇನೆಂದು ತಿರುಗಿದವರನ್ನು ಅತ್ತಿಗೆ ಜಾಕೆಟ್ಟಿನ ಪಟ್ಟಿ ಹಿಡಿದು ಹರಿಗೋಲಿಗೆ ತಂದರು.

ಮುಂದೆ ಮಡುವಿನಲ್ಲಿ ಏನೋ ಕಂದುಬಣ್ಣದ್ದು ತಲೆ ಎತ್ತಿತು. “ಮೊಸಳೆ!” ಎಂದು ಭಾವನವರು ಎದ್ದೇ ನಿಂತರು. ಹರಿಗೋಲಿನಲ್ಲಿ ಎದ್ದು ನಿಲ್ಲಬಾರದು ಎಂಬ ಒಂದೇ ಒಂದು ನಿಯಮವನ್ನು ಅಂಬಿಗ ಹತ್ತುವಾಗಲೇ ಹೇಳಿದ್ದ; ಭಾವನವರು ಅದನ್ನು ನಮಗೆಲ್ಲ ಮತ್ತೊಮ್ಮೆ ವಿವರಿಸಿಯೂ ಇದ್ದರು. ಬುಟ್ಟಿ ಒಂದು ಕಡೆಗೆ ವಾಲಿ, ಮಡಿಲಿನ ಚುರುಮುರಿ ಪೊಟ್ಟಣ ನದಿಗೆ ಅರ್ಪಣೆಯಾಯಿತು. “ನೀರುನಾಯಿರೀ ಸರ, ಕುಂದರ್ರಿ” ಎಂದ ಅಂಬಿಗ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿಗಳಿಗೆಂದೇ ಸಂರಕ್ಷಿತ ಪ್ರದೇಶ ಮಾಡಿದೆ. ಅಂದರೆ ಆ ಪ್ರಾಣಿ ತನ್ನ ಮನೆಯಲ್ಲೇ ತಲೆ ಎತ್ತಿತ್ತು. ಭಾವನವರು ಕೂತು, ಉಸಿರು ಸರಿಮಾಡಿಕೊಂಡು, “ನಾನೂ ಅದನ್ನೇ ಹೇಳಿದ್ದು” ಎಂದರು.

ವಿಠ್ಠಲ ದೇವಸ್ಥಾನದ ಕಡೆಯ ದಂಡೆ ಹತ್ತಿರವಾದಂತೆ ವಿಜಯನಗರ ಕಾಲದ ಸೇತುವೆಯ ಕಲ್ಲುಕಂಬಗಳು ಹೊಳೆಗೆ ಅಡ್ಡಲಾಗಿ ಸಾಲು ನಿಂತಿರುವುದು ಕಾಣುತ್ತದೆ. ಕಂಬಗಳ ಅಂತರ ಸರಿಯಿಲ್ಲ ಎಂಬುದು ಭಾವನವರ ಅಭಿಪ್ರಾಯ. ಇನ್ನೂ ಕೆಳಗೆ, ಆನೆಗೊಂದಿಗೆ ದಾಟುವ ತಳವಾರಘಟ್ಟದಲ್ಲಿ ನಮ್ಮ ಕಾಲದವರು ಕಟ್ಟಹೊರಟ ಸೇತುವೆಯ ಕಥೆಯನ್ನು ಅಂಬಿಗ ತೆಗೆದ. ಅದರ ದೆಸೆಯಿಂದ 1999ರಲ್ಲಿ ಹಂಪಿ ಯುನೆಸ್ಕೊದ ಅಪಾಯದ ಪಟ್ಟಿಗೆ ಸೇರಿತು, ಕೆಲಸ ವರ್ಷಗಟ್ಟಲೆ ನಿಂತಿತು, 2009ರ ಜನವರಿಯಲ್ಲಿ ಕಟ್ಟುತ್ತಿದ್ದಾಗಲೇ ಕುಸಿದು ಕೆಲಸದವರು ಜೀವ ಕಳೆದುಕೊಂಡರು. ಭಾವನವರು ಅದಕ್ಕೆ ಏನೂ ಹೇಳಲಿಲ್ಲ. ಮನುಷ್ಯ ಒಳ್ಳೆಯವರೇ. ಹೇಳುವುದು ಜಾಸ್ತಿ, ಅಷ್ಟೆ.

ಪುರಂದರ ಮಂಟಪ ಕಂಡದ್ದೇ ಅವರಿಗೆ ಮತ್ತೆ ಜೀವ ಬಂತು. ದಾಸರು ಅಂಬಿಗನ ಮೇಲೇ ಎಲ್ಲ ಭಾರ ಹಾಕಿ ಹಾಡಿದ ಕೀರ್ತನೆಯೊಂದಿದೆಯಲ್ಲ, ಅದನ್ನು ಕಣ್ಣುಮುಚ್ಚಿ ಎತ್ತಿಕೊಂಡರು. ಕಂಠ ಚೆನ್ನಾಗಿದೆ, ಒಪ್ಪಬೇಕು. ಪಲ್ಲವಿ ಮುಗಿದು ಚರಣಕ್ಕೆ ಹೋಗುವ ಸಂದಿನಲ್ಲಿ ಒಂದು ಕಣ್ಣು ತೆರೆದು, “ನಿಧಾನ, ಕಂಬಕ್ಕೆ ಹೊಡೀತೀಯ” ಎಂದು ಅಂಬಿಗನಿಗೆ ಹೇಳಿ, ಶ್ರುತಿ ಬಿಡದೆ ಮುಂದುವರಿದರು.

ಅಂಬಿಗ ಆಗ ಹುಟ್ಟನ್ನು ಎತ್ತಿ ಅವರ ಕೈಗೆ ಕೊಟ್ಟುಬಿಟ್ಟ.

“ನೀವಾ ಒಂದೀಟು ಹಾಕ್ರಿ ಸರ. ಗೊತ್ತಿದ್ದೋರು ಇದೀರಿ.”

ಅವನ ಮುಖದಲ್ಲಿ ವ್ಯಂಗ್ಯದ ಗೆರೆಯೂ ಇರಲಿಲ್ಲ. ಅದೇ ಅವನ ವಿದ್ಯೆ. ಭಾವನವರು ಕೀರ್ತನೆ ನಿಲ್ಲಿಸಿ, ಅಂಚಿಗೆ ಸರಿದು, ಹುಟ್ಟು ಇಳಿಸಿದರು. ಹರಿಗೋಲು ತಿರುಗಿತು. ಸರಿಪಡಿಸಲು ಇನ್ನೂ ಜೋರಾಗಿ ಎಳೆದರು. ಇನ್ನೂ ಜೋರಾಗಿ ತಿರುಗಿತು. ಮಂಟಪ, ಗುಡ್ಡ, ಅತ್ತಿಗೆ, ಮಂಟಪ, ಗುಡ್ಡ, ಅತ್ತಿಗೆ. ಮಕ್ಕಳು ಇದೂ ಪ್ಯಾಕೇಜಿನಲ್ಲಿ ಸೇರಿದೆ ಅಂದುಕೊಂಡು ಚಪ್ಪಾಳೆ ಹೊಡೆದರು. ಅಂಬಿಗ ಅಷ್ಟರಲ್ಲಿ ಮೊಬೈಲಿನಲ್ಲಿ ಮನೆಗೆ ಮಾತಾಡಿ, ಸಂಜೆಗೆ ಎಷ್ಟು ಹಾಲು ತರಬೇಕೆಂದು ಕೇಳಿ ಮುಗಿಸಿದ. ಆಮೇಲೆ ಬಹಳ ಮರ್ಯಾದೆಯಿಂದ, “ಹೆಂಗೈತ್ರಿ ಸರ?” ಎಂದ.

“ಹುಟ್ಟು ಬ್ಯಾಲೆನ್ಸ್ ಇಲ್ಲಪ್ಪ,” ಎಂದು ಭಾವನವರು ಏದುಸಿರಿನಲ್ಲಿ ಹೇಳಿ ಅದನ್ನು ಹಿಂದಿರುಗಿಸಿದರು. “ಮರ ಸರಿಯಾಗಿ ಒಣಗಿಲ್ಲ.”

ಅಂಬಿಗ ನಾಲ್ಕು ಸಲ ಎಳೆದ. ದಂಡೆ ತಾನಾಗಿ ಬಂದಂತೆ ಬಂತು.

ಇಳಿಯುವಾಗ ಭಾವನವರ ಬಿಳಿ ಪೈಜಾಮದ ಹಿಂಭಾಗದಲ್ಲಿ ಡಾಂಬರಿನ ಅರ್ಧಚಂದ್ರ ಮೂಡಿತ್ತು. ಯಾರೂ ಹೇಳಲಿಲ್ಲ, ಒಂದು ದಿನ ನಾವೂ ಸುಮ್ಮನಿರಬಹುದಲ್ಲ. ದುಡ್ಡು ಅತ್ತಿಗೆ ಕೊಟ್ಟರು, ಚೌಕಾಸಿ ಮಾಡದೆ, ಮೇಲೆ ಐವತ್ತು ಸೇರಿಸಿ. “ಅಷ್ಟು ಯಾಕೆ?” ಎಂದರು ಭಾವನವರು. “ಅವರು ಪಟ್ಟ ಕಷ್ಟಕ್ಕೆ” ಎಂದರು ಅತ್ತಿಗೆ.

ದಂಡೆಯಲ್ಲಿ ಆಗಲೇ ಇನ್ನೊಂದು ಸಂಸಾರ ಕಾಯುತ್ತಿತ್ತು. ಅಜ್ಜಿ, ಮಗ, ಸೊಸೆ, ಸೆಲ್ಫಿ ಕಡ್ಡಿ ಹಿಡಿದ ಹುಡುಗಿ, ಮತ್ತು ಕ್ಯಾಪು ಹಾಕಿಕೊಂಡು ಹೊಳೆಯ ಕಡೆಗೆ ತೋರುಬೆರಳು ಚಾಚಿ ಉಳಿದವರಿಗೆ ಏನೋ ವಿವರಿಸುತ್ತಿದ್ದ ಒಬ್ಬ ಹಿರಿಯರು. ಅಂಬಿಗ ಬುಟ್ಟಿಯೊಳಗಿನ ನೀರನ್ನು ಡಬ್ಬಿಯಿಂದ ಮೊಗೆದು ಚೆಲ್ಲಿ, ತಲೆ ಎತ್ತಿ ಅವರನ್ನೊಮ್ಮೆ ನೋಡಿದ.

“ದೊಡ್ಡವ್ರು,” ಎಂದ ಕ್ಯಾಪಿನವರಿಗೆ, “ನೀವು ನಡುವಕ್ಕ ಬರ್ರಿ.”